‘ಮೃದುಭಾಷಿ’ ಎಂಬ ಮಾತಿಗೆ ನನ್ನ ತಕರಾರು

ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳಲ್ಲಿ ಬಾಣಂತಿಯರ ಮತ್ತು ಎಳೆಮಕ್ಕಳ ಆರೈಕೆಯ ಮಾತು ಬಂದಲ್ಲೆಲ್ಲ ಶ್ರೀಮತಿ ಮುರಿಗೆವ್ವನವರ ಹೆಸರು ಬಾರದೆ ಇರದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸರಕಾರಿ ದವಾಖಾನೆಗಳಲ್ಲಿ ನರ್ಸಬಾಯಿಯಾಗಿ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಅವರ ಅಭಿನಂದನ ಗ್ರಂಥಕ್ಕೆ, ಅವರೊಡನೆ ಬಹುಕಾಲ ಕಂಪೌಂಡರನಾಗಿ ಕೆಲಸ ಮಾಡಿದ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಬೆಳಗಿನ ಪೂಜೆ ಮುಗಿಸಿ, ದೇವರ ಮುಂದಿನ ದೀಪ ತಾನಾಗಿ ಶಾಂತವಾಗುವವರೆಗೆ ಕುಳಿತು, ಮನಸ್ಸು ತಿಳಿಯಾಯಿತೆಂದುಕೊಂಡ ಮೇಲೆಯೇ ಲೇಖನಿ ಹಿಡಿದಿದ್ದೇನೆ. ಆದರೂ ಸಿಟ್ಟು ಇಳಿದಿಲ್ಲ. “ಮೃದುಭಾಷಿಗಳಾದ ಬಾಯಿಯವರ ಸವಿಮಾತಿನ ಕುರಿತು ಬರೆಯಿರಿ, ಹಳೆಯ ಕಹಿ ಪ್ರಸಂಗಗಳು ಬೇಡ” ಎಂದು ಸಮಿತಿ ಸೂಚಿಸಿದೆ. ಆ ‘ಮೃದುಭಾಷಿ’ ಎಂಬ ಮಾತಿಗೇ ನನ್ನ ತಕರಾರು.

ಸವಿಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಬನವಾಸಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ತರಬೇತಿ ಪಡೆದು, ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ೧೯೫೬ರಲ್ಲಿ ಅವರು ಸಿದ್ದಾಪುರ ಸೀಮೆಗೆ ಬಂದರು. ಇಲ್ಲಿ ಪ್ರತಿಯೊಂದು ಮನೆಯ ಮೆಟ್ಟಿಲಿಗೂ ಬೇರೆ ಬೇರೆ ಮರ್ಯಾದೆ. ಒಂದು ಕಡೆ ಎಲೆಯಡಿಕೆಯ ಕವಳದ ತಟ್ಟೆ ಮುಂದೆ ಬರುವವರೆಗೆ ಕೆಲಸದ ಮಾತೆತ್ತಬಾರದು; ಇನ್ನೊಂದು ಕಡೆ ದನಕರು ಹೇಗಿವೆಯೆಂದು ಕೇಳದೆ ಮಕ್ಕಳ ವಿಷಯ ಕೇಳಬಾರದು. ಇದನ್ನೆಲ್ಲ ಅವರು ಯಾವ ತರಬೇತಿಯಲ್ಲಿ ಕಲಿತರೋ ಕಾಣೆ. ಅಡಿಕೆ ತೋಟಿಗರ ಮನೆಯೊಂದರಲ್ಲಿ ಯಜಮಾನಿ ಸುಬ್ಬಲಕ್ಷ್ಮಮ್ಮ ಬಾಗಿಲಲ್ಲೇ ತಡೆದು, “ಆನು ಮಡೀಲಿದ್ದಿ ತಂಗೀ, ಒಳಗೆ ಬಾ ಹೇಳಲೆ ಬತ್ತಿಲ್ಲೆ. ಆಸರಿಗೆ ಎಂತ ಕೊಡ್ಲಿ?” ಎಂದು ಸಂಕೋಚಪಟ್ಟಾಗ ಇವರು ಜಗುಲಿಯ ಮೇಲೆ ಆರಾಮವಾಗಿ ಕುಳಿತು, “ಮಜ್ಜಿಗಿ ಕೊಡ್ರಿ ಅಮ್ಮಾರ. ನಿಮ್ಮ ಸೊಸಿಗೆ ಬ್ಯಾನಿ ಬಂದ ದಿನ ಒಳಗ ಬರ್ತೀನಿ. ಕೂಸು ಮಡಿ ನೋಡಿ ಹುಟ್ಟೂದಿಲ್ಲ ನೋಡ್ರಿ” ಎಂದರು. ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನನಗೆ ಇಂದಿಗೂ ಕಾಣುತ್ತದೆ. ಹೆರಿಗೆಯ ದಿನ ಮುರಿಗೆವ್ವನವರನ್ನು ಕೈಹಿಡಿದು ಒಳಗೆ ಕರೆದೊಯ್ದವಳೂ ಆ ಮುದುಕಿಯೇ.

ಇಲ್ಲಿಗೆ ನಿಲ್ಲಿಸಿದರೆ ಸಮಿತಿಗೆ ಸಂತೋಷವಾದೀತು. ನಿಲ್ಲಿಸಲಾರೆ.

೧೯೬೩ರ ಬೇಸಿಗೆಯಲ್ಲಿ ನಿಲ್ಕುಂದದ ಆಚೆಯ ಒಂದು ಕೇರಿಯಲ್ಲಿ, ಗೇಣಿ ಬೇಸಾಯದ ಕೆರಿಯ ಎಂಬವನ ಮನೆಯಲ್ಲಿ, ಅವನ ಹಿರಿಯ ಮೊಮ್ಮಗನಿಗೆ ಸಿಡುಬು ಎದ್ದಿತು. ಅದೇ ಮನೆಯಲ್ಲಿ ಎದೆಹಾಲು ಕುಡಿಯುವ ಇನ್ನೊಂದು ಕೂಸಿತ್ತು. ಬೇಗ ದೇವಿ ಹಾಕಿದರೆ, ಅಂದರೆ ಸಿಡುಬಿನ ಲಸಿಕೆ ಚುಚ್ಚಿದರೆ, ಅದು ಉಳಿಯುವ ಸಂಭವವಿತ್ತು. ಮುರಿಗೆವ್ವನವರು ಒಬ್ಬರೇ ಹೋಗಿ, ರೋಗವೆಂಬ ಮಾತನ್ನೇ ಆಡದೆ, “ಅಮ್ಮ ಒಬ್ಬನ ಮ್ಯಾಲೆ ಬಂದಾಳ, ಉಳಿದವರ ಮ್ಯಾಲೆ ಭಾರ ಹಾಕಬ್ಯಾಡ ಅಂತ ಕೇಳಪ್ಪ” ಎಂದರು. ಕೆರಿಯ ದೇವರ ಮುಂದೆ ಕುಳಿತು ಅಮ್ಮನಲ್ಲಿ ಹೂವಿನ ಪ್ರಸಾದ ಕೇಳಿದ; ಹೂ ಬಲಕ್ಕೆ ಬಿದ್ದು ಅಮ್ಮನ ಒಪ್ಪಿಗೆಯಾಯಿತು. ಮರುದಿನ ಇಡೀ ಕೇರಿಗೆ ದೇವಿ ಹಾಕುವುದೆಂದು ನಿಶ್ಚಯವಾಯಿತು.

ಸುದ್ದಿ ತಿಳಿದ ಮೇಲಧಿಕಾರಿಗಳು ತಾವೇ ಜೀಪು ತಂದರು. ನಮ್ಮಿಬ್ಬರನ್ನೂ ಹತ್ತಿಸಿಕೊಂಡು, ದಾರಿಯಲ್ಲಿ ಒಬ್ಬ ಫಾರೆಸ್ಟ್ ಗಾರ್ಡನನ್ನೂ ಕೂರಿಸಿಕೊಂಡರು. ಆ ಸಾಹೇಬರ ಹೆಸರು ಬರೆಯುವುದಿಲ್ಲ. ಯಾವ ಸೀಮೆಯವರೆಂಬುದೂ ಬೇಡ, ಅಂಥವರು ಎಲ್ಲ ಸೀಮೆಯಲ್ಲೂ ಇದ್ದಾರೆ. ಕೆರಿಯನ ಮನೆಯ ಮೆಟ್ಟಿಲ ಬಳಿ ಬೇವಿನೆಲೆ ಹಾಕಿದ ಒಂದು ಚೊಂಬು ನೀರಿತ್ತು. ಅಮ್ಮನಿರುವ ಮನೆ, ಕಾಲು ತೊಳೆದು ಹತ್ತಬೇಕು. ಮುರಿಗೆವ್ವನವರು ಬಾಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದರು. ಸಾಹೇಬರು “ಇದೇನು ನಾಟಕ” ಎಂದು ಬೂಟಿನ ತುದಿಯಿಂದ ಚೊಂಬನ್ನು ಸರಿಸಿದರು. ಅದು ಉರುಳಿ ಅಂಗಳಕ್ಕೆ ಬಿತ್ತು. ಬೂಟುಗಾಲಲ್ಲೇ ಜಗುಲಿ ಹತ್ತಿ, ಕೂಸಿನ ತಾಯಿಯಾದ ಕೆರಿಯನ ಸೊಸೆಯ ತೋಳು ಹಿಡಿಯುವಂತೆ ಗಾರ್ಡನಿಗೆ ಹೇಳಿದರು. ಆಕೆ ಕೂಸನ್ನು ಅವಚಿಕೊಂಡು ಹಿತ್ತಿಲ ಬಾಗಿಲಿಂದ ಓಡಿದಳು. ನೋಡುತ್ತಿದ್ದಂತೆ ಕೇರಿಗೆ ಕೇರಿಯೇ ಕಾಡು ಸೇರಿತು. ರೋಗಿ ಹುಡುಗನ ಬಳಿ ಕೆರಿಯನೊಬ್ಬನೇ ಉಳಿದ.

ಅಮ್ಮ ಮುದುಕಿಯ ವೇಷ ತೊಟ್ಟು ಮನೆಮನೆಯ ಮುಂದೆ ನೀರು ಕೇಳುತ್ತ ಹೋದ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ನೀರು ಕೊಡದ ಮನೆಗಳನ್ನು ಅಮ್ಮ ಸುಮ್ಮನೆ ದಾಟಿಹೋಗುತ್ತಿದ್ದಳಂತೆ. ಕೊಟ್ಟ ನೀರನ್ನು ಒದ್ದವನ ಕಥೆ ಅಜ್ಜಿಗೂ ಗೊತ್ತಿರಲಿಲ್ಲ.

ಆ ವಾರದ ತಾಲೂಕು ಸಭೆಯಲ್ಲಿ ಸಾಹೇಬರು, “ಕಾಡುಜನ. ಕೋಲಿನ ಭಾಷೆ ಬಿಟ್ಟು ಬೇರೆ ತಿಳಿಯದು” ಎಂದರು. ಮುಂದಿನ ಸಾಲಿನ ದೊಡ್ಡವರು ನಕ್ಕರು. ನಕ್ಕವರಲ್ಲಿ ಇಬ್ಬರು ಇಂದು ಈ ಅಭಿನಂದನ ಸಮಿತಿಯಲ್ಲಿದ್ದಾರೆ. ಆಗ ಮುರಿಗೆವ್ವನವರು ಎದ್ದು ನಿಂತರು.

“ಕೋಲಿನ ಮಾತು ನೀವಾಡಿದ್ರಿ ಸಾಹೇಬ್ರ, ಅವರು ಕಾಡಿನ ದಾರಿ ಹಿಡಿದು ಉತ್ತರ ಕೊಟ್ರು. ಹಾಲು ಕುಡಿಯೋ ಕೂಸು ಈಗ ಮರದ ಬುಡಕ್ಕ ಐತಿ. ನೀವು ಬೂಟು ಬಿಚ್ಚಿ ಆ ಮನಿ ಮುಂದ ನಿಂತು ತಪ್ಪಾತು ಅನ್ರಿ. ಅಲ್ಲೀತನಕ ನಾ ನಿಮ್ಮ ಜೀಪು ಹತ್ತೂದಿಲ್ಲ.”

“ಬಾಯಿಯವರೇ, ಯಾರ ಮುಂದೆ ಮಾತಾಡುತ್ತಿದ್ದೀರಿ, ಗೊತ್ತುಂಟೋ?” ಎಂದರು ಅಧ್ಯಕ್ಷರು.

“ಗೊತ್ತೈತ್ರಿ. ಕೆರಿಯಾನ ಮುಂದ ಹ್ಯಾಂಗ ಮಾತಾಡಬೇಕು ಅಂತ ಗೊತ್ತಿದ್ದಾಕಿಗೆ ನಿಮ್ಮ ಮುಂದ ಹ್ಯಾಂಗ ಮಾತಾಡಬೇಕು ಅಂತ ಗೊತ್ತಾಗೂದಿಲ್ಲೇನ್ರಿ?”

ಸಾಹೇಬರು ಹೋಗಲಿಲ್ಲ. ಇವರು ನಡೆದೇ ಹೋದರು. ಔಷಧದ ಪೆಟ್ಟಿಗೆ ಹೊತ್ತು ನಾನೂ ಹೋದೆ. ಕೆರಿಯ ಬಾಗಿಲಲ್ಲಿ ನಿಂತು, “ನೀವೂ ಆ ಜೀಪಲ್ಲೇ ಬಂದ್ರಿ ಅಲ್ದ?” ಎಂದ.

“ಹೌದಪ್ಪ. ಅದರಾಗ ಕುಂತದ್ದು ನನ್ನ ತಪ್ಪು.”

ಅವನು ಒಳಗೆ ಹೋದ. ಇವರು ಅಂಗಳದ ಅಂಚಿನಲ್ಲಿ ಬಿಸಿಲಿಗೇ ಕುಳಿತರು. ಮಾಡಿನ ನೆರಳಿಗೆ ಬನ್ನಿರೆಂದು ನಾನು ಹೇಳಿದರೆ, “ಅಂವ ಕರೆದ ಮ್ಯಾಲೆ ಬರ್ತೀನ್ರಿ ಹೆಗಡೇರ” ಎಂದರು. ಸಂಜೆಗೆ ಎದ್ದು ಬಂದು ಮರುದಿನ ಮತ್ತೆ ಹೋಗಿ ಅಲ್ಲೇ ಕುಳಿತರು. ಮಧ್ಯಾಹ್ನ ಕಳೆದ ಮೇಲೆ ಕೆರಿಯ ಹೊರಗೆ ಬಂದು, “ಎಂತ ಬಾಯೋರೆ, ಇಲ್ಲೇ ಬೇರು ಬಿಡೂರಾ?” ಎಂದು ಚುಚ್ಚಿದ.

“ನೀರು ಹಾಕಿದ್ರ ಬಿಡ್ತೀನಿ.”

ಕೆರಿಯ ನಗಲಿಲ್ಲ. ಒಳಗೆ ಹೋಗಿ, ಅದೇ ಚೊಂಬನ್ನು ತುಂಬಿ ತಂದು ಮೆಟ್ಟಿಲ ಬಳಿ ಇಟ್ಟ. ಮುರಿಗೆವ್ವನವರು ಕಾಲು ತೊಳೆದು ಜಗುಲಿ ಹತ್ತಿದರು. ಅವನು ಗುಡ್ಡದ ನೆತ್ತಿಗೆ ಹೋಗಿ ಕೂ ಹಾಕಿ ಕರೆದ. ಜನ ಇಳಿದು ಬಂದರು. ಎಲ್ಲರೂ ತೋಳು ನೀಡಿದರು. ಸೊಸೆಯೂ ನೀಡಿದಳು. ಆದರೆ ಅವಳ ಮಡಿಲಲ್ಲಿದ್ದ ಕೂಸಿನ ಹಣೆಯ ಮೇಲೆ ಆಗಲೇ ಬೊಕ್ಕೆಗಳಿದ್ದವು. ಹಿರಿಯ ಹುಡುಗ ಉಳಿದ. ಕೂಸು ಉಳಿಯಲಿಲ್ಲ.

ಶಿರಸಿಯ ಅಮ್ಮನ ಪಾದಕ್ಕೆ ಬಿದ್ದು ಬೆಳೆದವನು ನಾನು. ಆ ಸಾವನ್ನು ಅಮ್ಮನ ಮೇಲೆ ಹೊರಿಸಲಾರೆ. ಅದಕ್ಕೆ ಹೊಣೆ ಒಂದು ಬೂಟು, ಮತ್ತು ಆ ಬೂಟಿನ ಮಾತಿಗೆ ನಕ್ಕ ಬಾಯಿಗಳು.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಮುರಿಗೆವ್ವನವರನ್ನು ಯಲ್ಲಾಪುರ ಸೀಮೆಯ ಇಡಗುಂದಿಯ ಕಡೆಗೆ ಎತ್ತಿಹಾಕಿದರು. ಅವರಿಗಿಂತ ಕಿರಿಯರು ಮೇಲೇರಿದರು, ಇವರು ಸೇರಿದ ಹುದ್ದೆಯಲ್ಲೇ ನಿವೃತ್ತರಾಗುತ್ತಿದ್ದಾರೆ. ವರ್ಗಾವಣೆಗೆ ಕೊಟ್ಟ ಕಾರಣ: “ಸಂದರ್ಭವರಿತು ಮಾತನಾಡಲು ಬಾರದವರು.” ಇಡೀ ಸೀಮೆಯಲ್ಲಿ ಸಂದರ್ಭವರಿತು ಮಾತನಾಡಿದವರು ಅವರೊಬ್ಬರೇ ಆಗಿದ್ದರು. ಎಲ್ಲಿ ಮೆತ್ತಗೆ ಆಡಬೇಕು ಎಂಬುದು ಅರ್ಧ ವಿದ್ಯೆ. ಎಲ್ಲಿ ಮೆತ್ತಗೆ ಆಡಬಾರದು ಎಂಬ ಇನ್ನರ್ಧವೂ ಅವರಲ್ಲಿತ್ತು. ಅದನ್ನು ಅಳಿಸಿ ಮೃದುಭಾಷಿ ಎಂದು ಹೊಗಳುವುದು, ಅವರನ್ನು ಇನ್ನೊಮ್ಮೆ ವರ್ಗ ಮಾಡಿದಂತೆ.

ಸಮಾರಂಭದ ಆಮಂತ್ರಣದಲ್ಲಿ ಕೆರಿಯನ ಹೆಸರಿಲ್ಲ. ಕಳೆದ ವಾರ ನಿಲ್ಕುಂದಕ್ಕೆ ಹೋಗಿ ನಾನೇ ಕರೆದು ಬಂದಿದ್ದೇನೆ. “ಸಭೆ ಅಂದ್ರೆ ಹೆದರ್ಕೆ. ಬಾಯೋರು ಇದ್ರೆ ಬತ್ತೆ. ಅವ್ರು ಬಂದದ್ದು ತಡ ಆತು, ಬಂದ್ರು ಮಾತ್ರ ಹೌದು” ಎಂದ. ಅವನು ಬರುವಾಗ ಸಭಾಂಗಣದ ಮೆಟ್ಟಿಲ ಬಳಿ ಒಂದು ಚೊಂಬು ನೀರಿರಬೇಕು. ಮುಂದಿನ ಸಾಲಿನಿಂದ ಎದ್ದು ಬಂದು ಅದನ್ನು ಅವನ ಕೈಗೆ ಯಾರು ಕೊಡುತ್ತಾರೆಂದು ನೋಡಲು ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಬನವಾಸಿಗೆ ಮರಳಿ, ಊರಿನ ಹೆಣ್ಣುಮಕ್ಕಳಿಗೆ ಹೆರಿಗೆಯ ಕೆಲಸ ಕಲಿಸುವ ಮನಸ್ಸು ಮುರಿಗೆವ್ವನವರಿಗಿದೆ. ಆ ಕೆಲಸ ನಡೆಯಲಿ. ಅವರ ಕೈಯಲ್ಲಿ ಹುಟ್ಟಿದ ಮಕ್ಕಳ ಮಕ್ಕಳನ್ನು ಎತ್ತಿಕೊಳ್ಳುವಷ್ಟು ಆಯುಸ್ಸನ್ನು ಶಿರಸಿಯ ಅಮ್ಮನೂ ಅವರೂರಿನ ಮಧುಕೇಶ್ವರನೂ ಅವರಿಗೆ ಕೊಡಲಿ. ಅವರ ಸಿಟ್ಟಿಗೂ ಅಷ್ಟೇ ಆಯುಸ್ಸಿರಲಿ.