ಆರ್ವಿಡ್‌ನ ಸೋರುವ ದೋಣಿ

ಮಿನ್ನೆಸೋಟಾದ ನಮ್ಮ ಸರೋವರದ ದಂಡೆಯಲ್ಲಿ ಎಲ್ಲರ ದೋಣಿಯೂ ನೀರಿನಲ್ಲಿದ್ದರೆ, ಪಕ್ಕದ ಮನೆಯ ಆರ್ವಿಡ್‌ನ ದೋಣಿಯಲ್ಲಿ ನೀರಿರುತ್ತದೆ. ತಂದೆಯ ಕಾಲದ ಆ ಅಲ್ಯೂಮಿನಿಯಂ ದೋಣಿಯನ್ನು ಅಂಗಳದಲ್ಲಿ ಟ್ರೇಲರಿನ ಮೇಲೇರಿಸಿ, ಒಳಗೆ ನೀರು ತುಂಬಿಸಿ, ಕೆಳಗೆ ಅಂಗಾತ ಮಲಗಿ, ಹನಿಯುವ ರಿವೆಟ್ ಮೊಳೆಗಳಿಗೆಲ್ಲ ಬಳಪದಿಂದ ಗುರುತು ಹಾಕುತ್ತಾನೆ. ಚರ್ಚಿನ ಪಾದ್ರಿ ಬಂದರೂ ಪಕ್ಕದಲ್ಲಿ ಮಲಗಿಸಿಕೊಂಡು ತೋರಿಸುತ್ತಾನೆ. "ಹೊಸದೊಂದು ತಗೊಳ್ಳೋ ಮಾರಾಯ" ಎಂದರೆ, "ಹೊಸದ್ರಲ್ಲಿ ಬರೀ ಮೀನು ಹಿಡೀಬೋದು, ಅಷ್ಟೆ" ಎಂದು ನನ್ನ ದೋಣಿಯನ್ನು ಕನಿಕರದಿಂದ ನೋಡುತ್ತಾನೆ. ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಹೊಡೆಯುವಾಗ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಹಿಡಿಯುವವನು ಆರ್ವಿಡ್‌ನ ತಮ್ಮ ಎಲ್ಮರ್. ತಂದೆ ಸತ್ತ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಆದರೂ ಎಲ್ಮರ್ ಪ್ರತಿ ಶನಿವಾರ ಬಂದು ದೋಣಿಯೊಳಗೆ ಕೂರುತ್ತಾನೆ. "ಹಿಡ್ಕೊಂಡ್ಯಾ?" "ಹೂಂ, ಹೊಡಿ." ಇಷ್ಟೇ ಅವರ ಸಂಭಾಷಣೆ. ಹೋದ ಶನಿವಾರ ದೋಣಿ ಒಂದು ಹನಿಯೂ ಸೋರಲಿಲ್ಲ. ಎಲ್ಮರ್ ಕೈ ಒರೆಸಿಕೊಂಡು, "ಹಾಗಾದ್ರೆ ಮುಗೀತು" ಎಂದು ಹೊರಟುಹೋದ. ನಿನ್ನೆ ಬೇಲಿಯಾಚೆ ಡ್ರಿಲ್ಲಿನ ಸದ್ದು ಕೇಳಿ ಇಣುಕಿದರೆ, ಆರ್ವಿಡ್ ಗಟ್ಟಿಮುಟ್ಟಾಗಿದ್ದ ರಿವೆಟ್ಟೊಂದನ್ನು ಕೊರೆದು ತೆಗೆಯುತ್ತಿದ್ದ. "ಏನೋ ಇದು?" ಎಂದೆ. ಅವನು ತಲೆಯೆತ್ತದೆ, "ಎಲ್ಮರ್‌ಗೆ ಫೋನ್ ಮಾಡಿ ಹೇಳು, ಮತ್ತೆ ಸೋರ್ತಿದೆ ಅಂತ" ಎಂದ.