ಸದ್ದು ಹಿಡಿಯುವ ಸಿಸಿಲಿ ಆಂಟಿ

ನಮ್ಮ ಮನೆಯೆದುರು ನಿಂತ ಜೀಪಿನ ಬಾನೆಟ್ಟಿನೊಳಗೆ ತಲೆ ತೂರಿಸಿ, ಕೈತೋಟಕ್ಕೆ ನೀರು ಬಿಡುವ ಹಸಿರು ಪೈಪಿನ ಮೊಳದುದ್ದ ತುಂಡನ್ನು ಎಡಗಿವಿಗೆ ಒತ್ತಿಕೊಂಡು ನಿಂತ ಅರವತ್ತೆಂಟು ವರ್ಷದ ಹೆಂಗಸು. ಸಿಸಿಲಿ ಆಂಟಿ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅದೇ. ಪೈಪಿನ ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಒಂದೊಂದೇ ಕಡೆ ಇಟ್ಟು ಆಲಿಸುತ್ತ ಅವರು ಬಲಗೈ ಎತ್ತಿದರೆ ನಾನು ಆಕ್ಸಿಲರೇಟರ್ ಒತ್ತಬೇಕು, ಇಳಿಸಿದರೆ ಬಿಡಬೇಕು. ಮಳೆ ಹನಿಯುತ್ತಿದ್ದರೂ ಸರಿ, ಎದುರುಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರೂ ಸರಿ. ನಡುವೆ ನಾನೇನಾದರೂ ಕೇಳಿದರೆ, "ಸುಮ್ನಿರು ಮಾರಾಯ, ನೀನು ಮಾತಾಡಿದ್ರೆ ಅದು ಹೆದರಿ ಸುಮ್ಮನಾಗ್ತದೆ" ಎಂದು ಗದರುತ್ತಿದ್ದರು.

ಆ ಗಾಡಿಯನ್ನು ನಾನು ಆಥೈ ಕಡೆಯ ಒಬ್ಬ ಕುರಿ ಸಾಕುವವನಿಂದ ಕೊಂಡಿದ್ದೆ. ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್. ಮೈಸೂರಿನಲ್ಲಿ ಬೆಳೆಯುವಾಗ ಹಿಡಿದ ಜೀಪಿನ ಹುಚ್ಚು ದೂರದೇಶದ ಈ ನೇಸ್ ಊರಿಗೆ ಬಂದು ಮನೆ ಮಾಡಿದರೂ, ದಿನಾ ಲೀಕ್ಸ್‌ಲಿಪ್‌ಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತರೂ ಬಿಟ್ಟಿರಲಿಲ್ಲ. "ಬೇಡ ಕಣ್ರೀ" ಎಂದು ಹೆಂಡತಿ ಶುಭಾ ಹೇಳಿದ್ದಳು. ಮಳೆ ಬಂದರೆ ಒಳಗೆಲ್ಲ ಕುರಿಯ ವಾಸನೆ. ಅದನ್ನು ಹೇಗೋ ತಡೆದುಕೊಂಡೆವು. ಸದ್ದನ್ನು ತಡೆಯಲಾಗಲಿಲ್ಲ. ನಿಂತಲ್ಲಿ ಗಡಗಡ, ಅರವತ್ತಕ್ಕೆ ಕಟಕಟ, ಎಂಬತ್ತು ದಾಟಿದರೆ ಪಾದದಿಂದ ಹಲ್ಲಿನವರೆಗೆ ಏರುವ ನಡುಕ. ಕ್ಲಾಂಡಾಲ್ಕಿನ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಡೆಕ್ಲನ್‌ನ ಹತ್ತಿರ ಮೂರು ಸಲ ಒಯ್ದೆ. ಮೂರು ಸಲವೂ ಅವನು ಒಂದು ಸುತ್ತು ಓಡಿಸಿಕೊಂಡು ಬಂದು, "ಇಟ್ಸ್ ಗ್ರ್ಯಾಂಡ್, ಡೀಸೆಲ್ ಗಾಡಿಗಳೆಲ್ಲ ಹೀಗೇ" ಎಂದು ಕೀಲಿಕೈ ಕೊಟ್ಟ. ಏನೂ ತೊಂದರೆಯಿಲ್ಲ ಎನ್ನುವುದಕ್ಕೆ ಇಲ್ಲಿಯವರು ಗ್ರ್ಯಾಂಡ್ ಎನ್ನುತ್ತಾರೆ. ಏಳು ವರ್ಷದ ಮಗಳೂ ಅದನ್ನೇ ಕಲಿತು, ನಾನು ಗೊಣಗಿದಾಗಲೆಲ್ಲ ಹಿಂದಿನ ಸೀಟಿನಿಂದ "ಇಟ್ಸ್ ಗ್ರ್ಯಾಂಡ್, ಡ್ಯಾಡ್" ಎನ್ನತೊಡಗಿದಳು.

ಸಿಸಿಲಿ ಆಂಟಿ ನಮ್ಮಿಂದ ಎರಡು ಮನೆ ಆಚೆ ಇದ್ದವರು. ಕುಂದಾಪುರದ ಕಡೆಯ ಕ್ರಿಶ್ಚಿಯನ್ನರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ರೋಶನ್ ಗಾಲ್ವೇಯಲ್ಲಿದ್ದ. ಅಲ್ಲಿಯವರೆಗೆ ನಮಗೂ ಅವರಿಗೂ ಕ್ರಿಸ್‌ಮಸ್ಸಿಗೆ ಅವರ ಕುಸ್ವಾರ್ ತಿಂಡಿ, ಯುಗಾದಿಗೆ ನಮ್ಮ ಒಬ್ಬಟ್ಟು, ಅಷ್ಟೇ ಒಡನಾಟ. ಒಂದು ಶನಿವಾರ ಬೆಳಿಗ್ಗೆ ನಾನು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಟ್ರಾಫಿಕ್ ಪೊಲೀಸರಂತೆ ಕೈ ಅಡ್ಡ ಹಿಡಿದು ನಿಂತರು.

"ಎಂತದು ಇದು? ಗಾಡಿಯಾ, ಅಕ್ಕಿ ಗಿರಣಿಯಾ? ಇಳಿ. ಬಾನೆಟ್ ತೆಗಿ."

ಅವರ ಅಪ್ಪ ಊರಿನ ಒಂದು ಬಸ್ ಕಂಪನಿಯಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದರಂತೆ. ಶಾಲೆ ಬಿಟ್ಟ ಮೇಲೆ ತಾಯಿಯಿಲ್ಲದ ಮಗಳು ಗ್ಯಾರೇಜಿನಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದದ್ದು. ಅಪ್ಪ ಕಲಿಸಿದ್ದರಲ್ಲಿ ಮುಖ್ಯವಾದದ್ದನ್ನು ಅವರು ನನಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. "ಒಂದು ಸಲಕ್ಕೆ ಒಂದೇ. ಒಂದೇ ರೋಡು, ಒಂದೇ ಸ್ಪೀಡು, ಒಂದೇ ಬೋಲ್ಟು."

ಇದು ಎಂಥ ಶಿಕ್ಷೆ ಎಂದು ಅನುಭವಿಸಿದವನಿಗೇ ಗೊತ್ತು. ಪ್ರತಿ ಶನಿವಾರ ನೇಸ್‌ನಿಂದ ಹೊರಟು ಸ್ಯಾಲಿನ್ಸ್‌ನ ಕಾಲುವೆ ಸೇತುವೆ ದಾಟಿ ಅದೇ ಹನ್ನೊಂದು ಕಿಲೋಮೀಟರ್ ಸುತ್ತಿ ಬರುವುದು. ಕಿಟಕಿ ಏರಿಸಿ ಒಂದು ಸುತ್ತು, ಇಳಿಸಿ ಒಂದು ಸುತ್ತು, ಡಿಕ್ಕಿ ಖಾಲಿ ಮಾಡಿ ಒಂದು ಸುತ್ತು. ತಾಳ್ಮೆ ಕೆಟ್ಟು ಒಂದು ಭಾನುವಾರ ನಾನೊಬ್ಬನೇ ಗಾಡಿಯ ಕೆಳಗೆ ತೂರಿ, ಕೈಗೆ ಸಿಕ್ಕ ಇಪ್ಪತ್ತು ಬೋಲ್ಟುಗಳನ್ನೂ ಬಿಗಿದುಬಿಟ್ಟೆ. ನಿಂತಲ್ಲಿ ಬರುತ್ತಿದ್ದ ಗಡಗಡ ಮಾಯವಾಯಿತು. ಹೆಮ್ಮೆಯಿಂದ ಹೋಗಿ ಹೇಳಿದೆ.

"ಯಾವ ಬೋಲ್ಟಿನಿಂದ ಹೋಯ್ತು?"

"ಗೊತ್ತಿಲ್ಲ ಆಂಟಿ. ಒಟ್ನಲ್ಲಿ ಹೋಯ್ತಲ್ಲ."

"ಹೋಗ್ಲಿಲ್ಲ. ಅಡಗಿ ಕೂತದ್ದು. ಎಲ್ಲಾ ಸಡಿಲ ಮಾಡು."

ಮಾಡಿಸಿದರು. ನಾನು ಹಲ್ಲು ಕಚ್ಚಿಕೊಂಡು ಚಳಿಗಾಲದ ಒದ್ದೆ ನೆಲದ ಮೇಲೆ ಮಲಗಿ ಇಪ್ಪತ್ತನ್ನೂ ಸಡಿಲಿಸಿ, ಒಂದೊಂದನ್ನೇ ಬಿಗಿದು, ಒಂದೊಂದಕ್ಕೂ ಎದ್ದು ಎಂಜಿನ್ ಚಾಲೂ ಮಾಡಿದೆ. ಹದಿಮೂರನೆಯದರಲ್ಲಿ ಸಿಕ್ಕಿತು. ಸೈಲೆನ್ಸರಿನ ಬಿಸಿ ಮೇಲಕ್ಕೆ ತಾಗದಂತೆ ಹಾಕಿದ ತಗಡು ಬೋಲ್ಟಿನ ಸುತ್ತ ತುಕ್ಕು ತಿಂದು ಹರಿದಿತ್ತು. ನಾನು ಬಿಗಿದದ್ದು ಇನ್ನೊಂದು ವಾರ ನಿಲ್ಲುತ್ತಿರಲಿಲ್ಲ. ಆಂಟಿ ಅಗಲವಾದೊಂದು ಕ್ಲಿಪ್ ಹಾಕಿಸಿದರು. "ನೋಡಿದಿಯಾ?" ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು, ಮೂರು ಸಲ ಕೇಳಿದರು.

ಎರಡನೆಯದು ಅರವತ್ತಕ್ಕೆ ಬರುವ ಕಟಕಟ. ಅವರು ಹಿಂದಿನ ಸೀಟಿನಲ್ಲಿ ಕೂತು ಬಾಗಿಲಿನ ಮೇಲೆ ಅಂಗೈ ಒತ್ತುತ್ತ, "ಈಗ? ಈಗ ಉಂಟಾ? ಈಗ?" ಎಂದು ಕೇಳುವರು. ನಾನು ಉಂಟು, ಇಲ್ಲ ಎನ್ನಬೇಕು. ಅಷ್ಟೇ ಸಾಲದು. "ಹೇಗೆ ಕೇಳ್ತದೆ ಹೇಳು. ಬಾಯಲ್ಲಿ ಮಾಡಿ ತೋರ್ಸು." ಮೂವತ್ತೊಂಬತ್ತು ವರ್ಷದ ನಾನು ಕಟಕಟ, ಟಿಕಿಟಿಕಿ, ಚಟಪಟ ಎಂದು ಬಾಯಲ್ಲಿ ಸದ್ದು ಮಾಡುತ್ತ ಕಿಲ್ಡೇರ್ ಜಿಲ್ಲೆಯ ರಸ್ತೆಗಳಲ್ಲಿ ಗಾಡಿ ಓಡಿಸಿದೆ. ಇವರೇ ಕೇಳಿಸಿಕೊಳ್ಳಬಾರದೇ, ನನ್ನನ್ನೇಕೆ ಪರೀಕ್ಷೆ ಮಾಡುತ್ತಾರೆ ಎಂದು ಸಿಟ್ಟು ಬರುತ್ತಿತ್ತು. ಕೊನೆಗೆ ಎಡಗಡೆಯ ಹಿಂಬಾಗಿಲ ಒಂದು ಮೂಲೆ ಒತ್ತಿದಾಗ ಸದ್ದು ನಿಂತಿತು. ಬಾಗಿಲಿನ ಒಳಹೊದಿಕೆ ಬಿಚ್ಚಿದರೆ ತಳದಲ್ಲಿ ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆ ಬಿದ್ದಿತ್ತು, ಇಲ್ಲಿ ಕುರಿಗಳ ಕಿವಿಗೆ ನಂಬರು ಬರೆದು ಚುಚ್ಚುತ್ತಾರಲ್ಲ, ಅದು. ಶುಭಾ ಅವತ್ತು ನಕ್ಕದ್ದು ನೋಡಿ ನನಗೂ ನಗು ಬಂತು.

ಉಳಿದದ್ದು ಎಂಬತ್ತರ ನಡುಕ, ಅದರ ಜೊತೆಗೇ ಬರುವ ಒಂದು ಸಣ್ಣ ಸದ್ದು. ಚಕ್ರದ ಒಳಗೆ ಮೆತ್ತಿದ್ದ ಹಳೇ ಕೆಸರು ಕೆರೆದೆವು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆವು. ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಎಂಜಿನ್ನನ್ನು ಹೊತ್ತು ನಿಲ್ಲಿಸಿರುವ ರಬ್ಬರುಗಳು ಸವೆದಿವೆ ಎಂದು ಆಂಟಿ ತೀರ್ಪು ಕೊಟ್ಟರು. ಡೆಕ್ಲನ್ ಬೇಡವೆಂದರೂ ಹಟ ಹಿಡಿದು ಹೊಸದು ಹಾಕಿಸಿದರು. ಮರುದಿನ ಅದೇ ರಸ್ತೆ, ಅದೇ ಎಂಬತ್ತು. ಪಕ್ಕದಲ್ಲಿ ಕೂತು ಅರ್ಧ ದಾರಿಯಲ್ಲೇ ಘೋಷಿಸಿದರು.

"ಹೋಯ್ತು ನೋಡು. ಹೇಳಿದ್ದೆ ಅಲ್ವಾ?"

"ಎಲ್ಲಿ ಹೋಯ್ತು ಆಂಟಿ? ಇದೆ. ಸ್ವಲ್ಪ ನಡುಕಾನೂ ಇದೆ, ಆ ಸದ್ದೂ ಇದೆ."

"ನಡುಕ ರೋಡಿಂದು. ಸದ್ದು ಇಲ್ಲವೇ ಇಲ್ಲ. ನಿಂಗೆ ಭ್ರಮೆ."

"ಶುಭಾಗೂ ಕೇಳಿಸ್ತು ಬೆಳಿಗ್ಗೆ."

"ಅವಳಿಗೂ ಭ್ರಮೆ."

ನಾಲ್ಕು ತಿಂಗಳ ಶನಿವಾರಗಳೆಲ್ಲ ಒಟ್ಟಿಗೇ ನೆತ್ತಿಗೇರಿದವು. ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿ ಕೂಗಿಬಿಟ್ಟೆ. "ಅಷ್ಟು ಜೋರಾಗಿ ಬರ್ತಾ ಇದೆ. ಕಿವಿ ಕೇಳಲ್ವಾ ನಿಮಗೆ?"

ಮಕ್ಕಳಿಗೆ, ಟೀವಿ ನೋಡುವ ಹೆಂಡತಿಗೆ, ಯಾರಿಗೆ ಬೇಕಾದರೂ ನಾವು ಆಡುವ ಮಾತು. ಆಂಟಿ ಮಡಿಲಲ್ಲಿದ್ದ ಪೈಪಿನ ತುಂಡನ್ನು ಕಾಲ ಬುಡದಲ್ಲಿಟ್ಟರು.

"ಕೇಳುದಿಲ್ಲ" ಎಂದರು. "ಬಲದ್ದು ಹೋಗಿ ಎರಡು ವರ್ಷ ಆಯ್ತು. ಎಡದ್ದು ದೊಡ್ಡ ಸದ್ದು ಹಿಡಿತದೆ, ಸಣ್ಣದು ಹಿಡಿಯುದಿಲ್ಲ. ಕೈಗೆ ಗೊತ್ತಾಗ್ತದೆ, ಅದರಲ್ಲಿ ಇಷ್ಟು ದಿನ ಮಾಡಿದೆ."

"ಡಾಕ್ಟರಿಗೆ ತೋರ್ಸಿದ್ರಾ? ರೋಶನ್‌ಗೆ ಗೊತ್ತಾ?"

"ಅವನಿಗೆ ಹೇಳ್ಬೇಡ. ಹೇಳಿದ್ರೆ ಕರ್ಕೊಂಡು ಹೋಗ್ತಾನೆ. ಮನೆಯಲ್ಲಿ ಗಡಿಯಾರ ಕೇಳುದಿಲ್ಲ, ಕುಕ್ಕರ್ ಕೇಳುದಿಲ್ಲ. ಅವತ್ತು ನಿನ್ನ ಗಾಡಿ ಸದ್ದು ಕೇಳ್ತು. ಒಂದಾದ್ರೂ ಕೇಳ್ತದಲ್ಲ ಅಂತ ಎದ್ದು ಬಂದದ್ದು ನಾನು."

ಕ್ಷಮಿಸಿ ಎಂದೆ. ಅದೂ ಕೇಳಿಸಿತೋ ಇಲ್ಲವೋ. ಅವರು ಮುಂಗೈಯಿಂದ ಮೂಗೊರೆಸಿಕೊಂಡು, "ಇನ್ನು ನೀನು ಕೇಳು, ನಾನು ಕೇಳ್ತೇನೆ" ಎಂದರು. ಮೊದಲನೆಯ ಕೇಳುವುದು ಕಿವಿಯದು, ಎರಡನೆಯದು ಪ್ರಶ್ನೆ. "ಹೊರಡು. ಸದ್ದು ಹೇಗುಂಟು? ಗಾಜಿನ ಹಾಗಾ, ತಗಡಿನ ಹಾಗಾ?"

"ಎರಡೂ ಅಲ್ಲ. ಗುಬ್ಬಚ್ಚಿ ಥರ. ಚಿಂವ್ ಚಿಂವ್."

"ನಿಧಾನ ಹೋದ್ರೆ?"

"ನಿಧಾನಕ್ಕೆ ಚಿಂವ್ ಅನ್ನುತ್ತೆ. ಜೋರಾಗಿ ಹೋದ್ರೆ ಬೇಗ ಬೇಗ."

"ಗೇರು ತೆಗೆದು ನ್ಯೂಟ್ರಲ್ ಹಾಕಿ ಬಿಡು. ನಿಲ್ತದಾ?"

ನಿಲ್ಲಲಿಲ್ಲ. ಎಂಜಿನ್ನಿನ ಸದ್ದು ಇಳಿದರೂ ಗುಬ್ಬಿ ಅದೇ ಲಯದಲ್ಲಿ ಕೂಗುತ್ತಿತ್ತು. ಆಂಟಿಯ ಮುಖ ಬಿಗಿದುಕೊಂಡಿತು. "ಹಾಗಾದ್ರೆ ಎಂಜಿನ್ ಅಲ್ಲ. ನಾನು ಹೇಳಿದ್ದು ತಪ್ಪು. ಮನೆಗೆ ಬೇಡ, ಸೀದಾ ಡೆಕ್ಲನ್ ಹತ್ರ ನಡಿ. ಮೋಟರ್‌ವೇ ಬೇಡ. ಐವತ್ತರ ಮೇಲೆ ಹೋಗ್ಬೇಡ." ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಡೆಕ್ಲನ್ ನಿಟ್ಟುಸಿರು ಬಿಟ್ಟು ಗಾಡಿಯನ್ನು ಮೇಲೆತ್ತಿದ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಉದ್ದನೆಯ ಶಾಫ್ಟನ್ನು ಆಂಟಿ ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರು. ಅದರ ತುದಿಯ ಕೀಲು ಕಟಕ್ಕನೆ ಅಲ್ಲಾಡಿತು. ಸುತ್ತಲೂ ಅರಿಸಿನ ಕುಂಕುಮ ಕಲಸಿದಂಥ ತುಕ್ಕಿನ ಪುಡಿ. ಒಳಗಿನ ಬೇರಿಂಗಿನಲ್ಲಿ ಗ್ರೀಸಿನ ಪಸೆಯೂ ಇರಲಿಲ್ಲ. ಡೆಕ್ಲನ್ ತಾನೂ ಹಿಡಿದು ಅಲ್ಲಾಡಿಸಿದ. ಮೋಟರ್‌ವೇಯಲ್ಲಿ ನೂರಿಪ್ಪತ್ತಕ್ಕೆ ಅದು ಮುರಿದು ನೆಲಕ್ಕೆ ಬಡಿದಿದ್ದರೆ ಗಾಡಿಯೇ ಮಗುಚುತ್ತಿತ್ತು. ನಾನು ದಿನಾ ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಡೆಕ್ಲನ್ ಗ್ರ್ಯಾಂಡ್ ಎನ್ನಲಿಲ್ಲ. ಆಂಟಿಗೆ ಒಂದು ಕುರ್ಚಿ ತಂದು ಹಾಕಿ, ಚಹಾ ಮಾಡಿಕೊಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಪಾಲಿಗೆ ಇದು ಬರೀ ನಗುವಿನ ನೆನಪಾಗುತ್ತಿತ್ತು. ಗುಟ್ಟನ್ನು ನಾನು ಆರು ವಾರ ಕಾಪಾಡಿದೆ. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಎಂದು ಶುಭಾ ಹೇಳಿದಳು, ನಾನು ಹೇಳಿದೆ. "ಮುದುಕಿಯರು ಹಾಕುದು ಅದನ್ನು" ಎನ್ನುವುದೊಂದೇ ಉತ್ತರ. ಒಂದು ಮಧ್ಯಾಹ್ನ ಅವರು ಅಂಗಡಿಯ ಮುಂದೆ ರಸ್ತೆಗಿಳಿದಾಗ ಹಿಂದಿನಿಂದ ವ್ಯಾನೊಂದು ಹಾರ್ನ್ ಮಾಡುತ್ತಲೇ ಬಂತು. ಅವರು ತಿರುಗಲೇ ಇಲ್ಲ. ಚಾಲಕ ಹೇಗೋ ನಿಲ್ಲಿಸಿದ. ನಾನು ಆಚೆಬದಿಯಿಂದ ನೋಡಿದೆ. ಅಂದು ಸಂಜೆ ರೋಶನ್‌ಗೆ ಫೋನ್ ಮಾಡಿದೆ.

ಅವರು ನನ್ನ ಜೊತೆ ಮಾತು ಬಿಟ್ಟರು. ಎದುರು ಸಿಕ್ಕರೆ ಮುಖ ತಿರುಗಿಸುವರು. ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ, ಕೇಳಿಸಲಿಲ್ಲವೋ ಬೇಕೆಂದೇ ತೆಗೆಯಲಿಲ್ಲವೋ ಗೊತ್ತಾಗುತ್ತಿರಲಿಲ್ಲ. ರೋಶನ್ ಬಂದು ಎರಡೂ ಕಿವಿಗೆ ಮೆಷಿನ್ ಹಾಕಿಸಿದ. ತನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆಂದ. ಹೊರಡುವ ಹಿಂದಿನ ದಿನ ಆಂಟಿ ನಮ್ಮ ಬಾಗಿಲಲ್ಲಿ ನಿಂತರು.

"ಅವನ ಗಾಡಿಯಲ್ಲಿ ಸಾಮಾನು ಹೋಗ್ತದೆ. ನಾನು ನಿನ್ನದ್ರಲ್ಲಿ ಬರ್ತೇನೆ. ಅವನಿಗೆ ಹೇಳಿದವನು ನೀನೇ ಅಲ್ವಾ, ನೀನೇ ಬಿಟ್ಟು ಬಾ."

ಗಾಲ್ವೇವರೆಗಿನ ಎರಡೂವರೆ ಗಂಟೆ ನನ್ನ ಪ್ರಾಣ ತಿಂದರು. ಹೊಸ ಕಿವಿಗಳಿಗೆ ಜಗತ್ತೆಲ್ಲ ಕೇಳುತ್ತಿತ್ತು. ವೈಪರ್ ಕಿರುಗುಡುತ್ತದೆ, ಕನ್ನಡಿ ಗುಂಯ್‌ಗುಡುತ್ತದೆ, ಸೀಟಿನ ಬಕಲ್ ಬಡಿಯುತ್ತದೆ, ಡ್ಯಾಶ್‌ಬೋರ್ಡಿನೊಳಗೆ ಏನೋ ಉರುಳುತ್ತದೆ. "ಇಷ್ಟೆಲ್ಲ ಇಟ್ಕೊಂಡು ಗಾಡಿ ಸರಿಯಾಯ್ತು ಅಂತ ಹೇಳ್ಕೊಂಡು ತಿರುಗ್ತಿಯಾ? ನಾಚಿಕೆ ಆಗುದಿಲ್ವಾ?" ಅಥ್ಲೋನ್ ದಾಟುವ ಹೊತ್ತಿಗೆ ನಾನು ಹೂಂ ಎನ್ನುವುದನ್ನೂ ಬಿಟ್ಟಿದ್ದೆ. ಆ ಮೆಷಿನ್ನು ಯಾಕಾದರೂ ಹಾಕಿಸಿದೆವೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ರೋಶನ್‌ನ ಮನೆ ಮುಟ್ಟಿದೆವು. ಅವನು ಬಂದು ಬಾಗಿಲು ತೆಗೆದು ಹಿಡಿದ. ಆಂಟಿ ಇಳಿಯಲಿಲ್ಲ.

"ಎಡಕ್ಕೆ ತಿರುಗಿಸುವಾಗ ಒಂದು ಗುಂಯ್ ಅಂತ ಬಂತು. ಇನ್ನೊಂದು ರೌಂಡ್ ಹೋಗುವಾ."

ನನ್ನ ಸೊಂಟ ಹಿಡಿದಿತ್ತು. ವಾಪಸ್ಸು ಇನ್ನೂ ಅಷ್ಟೇ ದೂರ ಹೋಗಬೇಕಿತ್ತು. "ಸಾಕು ಆಂಟಿ. ಇಳೀರಿ. ದಮ್ಮಯ್ಯ."

ಇಳಿದರು. ಬಾಗಿಲು ಹಾಕುವ ಮೊದಲು ಸೀಟಿನ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಮಾರ್ಚಿನಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರೆಂದು ರೋಶನ್ ತಿಳಿಸಿದ. ಅದಕ್ಕೆ ಎರಡು ವಾರ ಮೊದಲು, ಡೆಕ್ಲನ್‌ನ ಗ್ಯಾರೇಜಿನಿಂದಲೇ ನಾನು ಅವರಿಗೆ ಫೋನ್ ಮಾಡಿದ್ದೆ. ಮುಂದಿನ ಬಲಚಕ್ರದ ಬೇರಿಂಗು ಸವೆದಿತ್ತು. ಅದರ ಸದ್ದು ನನಗೆ ಕೇಳಿಸುವಷ್ಟು ದೊಡ್ಡದಾಗಲು ಚಳಿಗಾಲವೆಲ್ಲ ಹಿಡಿದಿತ್ತು. ಮೆಷಿನ್ನಿಗೂ ಫೋನಿಗೂ ಜಗಳವಾಗಿ ನಡುವೆ ಕೀಂ ಎಂದು ಸೀಟಿ ಬರುತ್ತಿತ್ತು. ನಾನು ಎರಡೆರಡು ಸಲ ಕೂಗಿ ಹೇಳಿದೆ.

"ಬಲದ್ದೇ ಅಲ್ವಾ?" ಎಂದರು ಆಂಟಿ. "ಎಡಕ್ಕೆ ತಿರುಗಿಸಿದ್ರೆ ಭಾರ ಬಲಕ್ಕೆ ಬೀಳ್ತದೆ. ಅದಕ್ಕೇ ಇನ್ನೊಂದು ರೌಂಡ್ ಹೋಗುವಾ ಅಂದದ್ದು ನಾನು. ನಿಂಗೆ ಮನೆಗೆ ಓಡ್ಲಿಕ್ಕೆ ಅವಸರ."

ಇನ್ನೇನೋ ಹೇಳಲು ಬಾಯಿ ತೆಗೆದೆ. ಅವರು ಫೋನ್ ಇಟ್ಟುಬಿಟ್ಟಿದ್ದರು.