ಬೆಳ್ಳಿ ಶಾಯಿಯ ಗೆರೆ

ನ್ಯಾಮತಿಯಲ್ಲಿ ನನ್ನದು ಟೀವಿ, ಮಿಕ್ಸಿ, ರಿಮೋಟು ರಿಪೇರಿ ಅಂಗಡಿ. ಭಾವನಿಗೆ ಶ್ವಾಸಕೋಶದ ಕಾಯಿಲೆ. ಸವಳಂಗದ ಮನೆಯಲ್ಲಿ ಆಕ್ಸಿಜನ್ ಮಿಷನ್ನೇ ಅವರ ಆಸರೆ. ಅದು ಕೆಟ್ಟಿತೆಂದು ಅವರನ್ನು ಹೊನ್ನಾಳಿಯ ಆಸ್ಪತ್ರೆಗೆ ಸೇರಿಸಿದ ಅಕ್ಕ, ಮಿಷನ್ನನ್ನು ಆಟೋದಲ್ಲಿ ಹಾಕಿಕೊಂಡು ನನ್ನಲ್ಲಿಗೆ ಬಂದಳು.

"ಮನಿಗೆ ಕರ್ಕಂಡು ಹೋಗು ಅಂತ ಒಂದೇ ಹಟ ನಿಮ್ ಭಾವಂದು. ಇದು ಸರಿ ಆದ್ರೆ ಡಾಕ್ಟ್ರು ಕಳಿಸ್ತಾರಂತೆ. ನೀನು ಮಾಡ್ತೀಯ ಬಿಡು," ಅಂದಳು.

ಮಿಷನ್ನಿನ ಮುಂಭಾಗದ, ಒತ್ತುವ ಗುಂಡಿಗಳ ಹಾಳೆ ಬಿಡಿಸಿ ನೋಡಿದೆ. ಅಂಥ ಹಾಳೆಯಲ್ಲಿ ತಂತಿ ಇರುವುದಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿದ ಹಾಗೆ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿಪುಡಿಯ ಶಾಯಿಯಲ್ಲಿ ಗೆರೆ ಎಳೆದಿರುತ್ತಾರೆ. ಕರೆಂಟು ಹರಿಯುವುದು ಅದರಲ್ಲೇ. ಆ ಗೆರೆಗಳು ಕಪ್ಪಾಗಿ ಅಲ್ಲಲ್ಲಿ ತುಂಡಾಗಿದ್ದವು. ಅಂಚಿನಲ್ಲೆಲ್ಲ ಬಿಳಿ ಪುಡಿ.

"ನೀರು ಬಿದ್ದಿತ್ತೇನಕ್ಕ?"

"ಇಲ್ಲಪ್ಪ. ದಿನಾ ಸ್ನಾನ ಆದಮ್ಯಾಲೆ ವಿಭೂತಿ ನೆನೆಸಿ ಇದ್ರ ಮ್ಯಾಲೆ ಮೂರು ಪಟ್ಟೆ ಎಳೀತಿದ್ದೆ. ಉಸಿರು ಕೊಡೋ ವಸ್ತು ಅಲ್ವೇನೋ? ಅದ್ರಿಂದ ಏನಾರ ಆಗೈತೇನು?"

ನಮ್ಮ ಕಡೆ ಹೊಸ ಮಿಷನ್ನು ಬಂದರೆ ಮೊದಲು ಪೂಜೆ, ಆಮೇಲೆ ಪ್ಲಗ್ಗು. ಬೇರೆ ಗಿರಾಕಿಯಾಗಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಅಕ್ಕನ ಮುಖ ನೋಡಿ, "ಇಲ್ಲಕ್ಕ, ಹಳೇದಾಗೈತೆ" ಅಂದೆ.

ರಿಮೋಟುಗಳಿಗೆಂದು ತಂದಿಟ್ಟ ಬೆಳ್ಳಿ ಶಾಯಿಯ ಪೆನ್ನಿತ್ತು. ಕೈ ನಡುಗದಂತೆ, ತುಂಡಾದಲ್ಲೆಲ್ಲ ಗೆರೆ ಕೂಡಿಸಿದೆ. ಅದು ಒಣಗುವ ತನಕ ಅಕ್ಕ ಸೆರಗು ಬೀಸುತ್ತ ಕೂತಳು. ಗುಂಡಿ ಒತ್ತಿದೆ. ದೀಪ ಹತ್ತಿ ಮಿಷನ್ನು ಗುಂಯ್ ಅಂದಿತು. ಅಕ್ಕ ಅತ್ತೇಬಿಟ್ಟಳು. ನನಗೂ ಎದೆಯುಬ್ಬಿತ್ತು, ಇಲ್ಲವೆನ್ನಲಾರೆ. ಅಕ್ಕ ತಕ್ಷಣ ಭಾವನಿಗೆ ಫೋನು ಮಾಡಿ, "ರೀ, ರಿಪೇರಿ ಆತು, ಕರ್ಕಂಡು ಹೋಗಾಕೆ ಬರ್ತೀವಿ" ಅಂದಳು.

ಫೋನು ಇಡುವಷ್ಟರಲ್ಲಿ ಮಿಷನ್ನು ಕಿರುಚಿಕೊಂಡು ನಿಂತಿತು. ಮತ್ತೆ ಬಿಚ್ಚಿದೆ. ವಿಭೂತಿಯ ನೀರು ಹಾಳೆಯ ಬಾಲದಂಥ ಪಟ್ಟಿ ಹಿಡಿದು ಒಳಗಿನ ಬೋರ್ಡಿಗೂ ಇಳಿದು, ಅದನ್ನೂ ತಿಂದಿತ್ತು. ಅಲ್ಲಿ ನನ್ನ ಪೆನ್ನಿನ ಆಟ ನಡೆಯುವಂತಿರಲಿಲ್ಲ. ಕಂಪನಿಯವರು ಆ ಮಾಡೆಲ್ಲೇ ನಿಂತುಹೋಗಿದೆ ಅಂದರು. ಚನ್ನಗಿರಿ, ಜಗಳೂರಿನ ರಿಪೇರಿಯವರನ್ನೆಲ್ಲ ಕೇಳಿದೆ. ಯಾರ ಹತ್ತಿರವೂ ಅಂಥ ಬೋರ್ಡಿರಲಿಲ್ಲ. ಊರಿನವರ ಮಿಷನ್ನುಗಳನ್ನೆಲ್ಲ ಎಬ್ಬಿಸಿ ಕೂರಿಸುವ ನಾನು, ನಮ್ಮ ಮನೆಯದರ ಮುಂದೆ ಕೈಚೆಲ್ಲಿ ಕೂತೆ.

ಭಾವನಿಗೆ ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ನಾನೇ ಹೊನ್ನಾಳಿಗೆ ಹೋದೆ. ಅವರು ಮೂಗಿನಲ್ಲಿ ಪೈಪು ಇಟ್ಟುಕೊಂಡೇ ಬಿಳಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಮಂಚದ ತುದಿಗೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮಂಚದವನಿಗೆ ನನ್ನನ್ನು ತೋರಿಸಿ, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತ, "ಇವ್ನೇ ನೋಡ್ರಿ... ನಮ್ ಬಾಮೈದ... ಸರಿ ಮಾಡ್ದೋನು" ಅಂದರು.